ಕೊನೆಗೆ ಉಳಿದದ್ದು

ಹೆರಿಗೆ ಆಸ್ಪತ್ರೆಯ ಗೇಟಿನ ಎದುರು ಬೇವಿನ ಮರ,
ಮರದ ಕೆಳಗೆ ನಾನು, ನನ್ನ ಸ್ಟೂಲು,
ಸಾಲಾಗಿ ನಿಂತ ಮೊಪೆಡ್ಡುಗಳು.
ಝಲಿಸ್ಸಾ ಅಂದರೆ ವಾಗಡೂಗುವಿನ ಈ ಬೀದಿಯಲ್ಲಿ
ಯಾರಿಗೂ ಗೊತ್ತಿಲ್ಲ. ಬಿಲ್ಲೆಯಮ್ಮ ಅನ್ನಿ,
ಕೈ ತೋರಿಸುತ್ತಾರೆ.

ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ನಂಬರು.
ಅದೇ ನಂಬರು ತಗಡಿನ ಬಿಲ್ಲೆಯ ಮೇಲೆ,
ಬಿಲ್ಲೆ ನಿಮ್ಮ ಕೈಗೆ. ಐವತ್ತು ಫ್ರಾಂಕು.
ಬಿಸಿಲಿಗೆ ಸೀಟು ಸುಡದಂತೆ ಹೊದಿಸುವ ರಟ್ಟಿಗೆ
ಕಾಸು ಕೇಳುವುದಿಲ್ಲ.

ಬೀಗಗಳನ್ನು ಬೇಕಾದಷ್ಟು ನೋಡಿದ್ದೇನೆ.
ಹೋರಿ ಕಟ್ಟುವಂಥ ಸರಪಳಿ ಬಿಗಿದವನ ಗಾಡಿಯನ್ನು
ಸರಪಳಿ ಸಮೇತ ಕತ್ತೆಗಾಡಿಗೆ ಹೇರಿ ಒಯ್ದರು.
ಒಬ್ಬರು ಮೇಷ್ಟ್ರು, ಪ್ಲಗ್ಗು ಕಳಚಿ ಜೇಬಿಗಿಳಿಸುತ್ತಿದ್ದರು;
ಕಳ್ಳನ ಜೇಬಲ್ಲೂ ಒಂದು ಪ್ಲಗ್ಗು ಇತ್ತು.
ಎಳ್ಳು ಮಾರುವ ಬಿಬಾತಾ ಮಾತ್ರ
ಹೊಚ್ಚ ಹೊಸ ಗಾಡಿಗೆ ಸಗಣಿ ಮೆತ್ತಿ,
ದೀಪಕ್ಕೆ ಹರಕು ಬಟ್ಟೆ ಸುತ್ತಿ
ಮುದಿ ಮಾಡಿ ನಿಲ್ಲಿಸುತ್ತಿದ್ದಳು.
ಅದೊಂದು ಉಳಿದಿದೆ ಇನ್ನೂ,
ಈಗ ನಿಜಕ್ಕೂ ಮುದಿಯಾಗಿದೆ.

ನನ್ನದು ಹೋದದ್ದು ಬಾಗಿಲ ಮುಂದಿನಿಂದಲೇ,
ಒಳಗೆ ಸಜ್ಜೆ ಗಂಜಿ ತಿರುವುತ್ತಿದ್ದಾಗ.
ಎಂಜಿನ್ನಿನ ಸದ್ದು ಕೇಳಿತು, ನಮ್ಮದೇ ಸದ್ದು.
ಗಂಡ ಬಂದನೆಂದು ಇನ್ನೊಂದು ತಟ್ಟೆ ಇಟ್ಟೆ.
ಸದ್ದು ಹತ್ತಿರ ಬರಲಿಲ್ಲ, ದೂರ ಹೋಯಿತು.
ಆಮೇಲೆ ಬೀಗ ಕೊಂಡೆ. ಹಾಕಲು ಏನೂ ಇರಲಿಲ್ಲ.
ಈಗ ರಾತ್ರಿ ಹೊತ್ತು ಈ ಸ್ಟೂಲನ್ನು
ಬೇವಿನ ಬುಡಕ್ಕೆ ಬಿಗಿಯಲು ಬರುತ್ತದೆ.

ಅದಿರಲಿ. ಹೇಳಹೊರಟದ್ದು ಆ ಹುಡುಗನ ಸುದ್ದಿ.

ಹರ್ಮಟಾನ್ ಗಾಳಿಯ ದಿನ. ಊರೇ ಕೆಂಪು ಹಿಟ್ಟು.
ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ಅವಳಮ್ಮ,
ಮೂರೂವರೆ ಜನ ಒಂದು ನೀಲಿ ಗಾಡಿಯ ಮೇಲೆ.
ಬಿಲ್ಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಓಡಿದ,
ಎರಡು ಕೈಯಲ್ಲೂ ಅವಳಿದ್ದಳು.

ಮಧ್ಯಾಹ್ನ ಬಂದು ನಿಂತ, ಬಾಯಿ ಖಾಲಿ.
“ಎಲ್ಲಿ ಬಿತ್ತೋ ಗೊತ್ತಿಲ್ಲ. ಔಷಧಿ ತರಬೇಕು.
ನೀಲಿ ಗಾಡಿ, ನೋಡಿದಿರಲ್ಲ?”
ನೋಡಿದ್ದೆ. ಆದರೆ ಹಾಗೆಯೇ ಬೇಡಿಕೊಂಡವನೊಬ್ಬ
ಹೋದ ವರ್ಷ, ಕಣ್ಣಲ್ಲಿ ನೀರು ತಂದುಕೊಂಡು,
ನರ್ಸಮ್ಮನ ಗಾಡಿ ಏರಿ ಹೋಗಿಬಿಟ್ಟಿದ್ದ.
ಒಂದು ವರ್ಷ ಕಂತು ಕಟ್ಟಿದೆ ಆ ಕಣ್ಣೀರಿಗೆ.

ಚೀಟಿ ಕಿತ್ತುಕೊಂಡು ಬಿಬಾತಾಳ ಕೈಗಿಟ್ಟೆ.
ಸಗಣಿ ಗಾಡಿ ಕೆಮ್ಮುತ್ತಾ ಹೊರಟಿತು.
ಅವನಿಗೆ ಹೇಳಿದೆ: “ಕೂತುಕೋ, ಯಂಬಾ.
ಬಿಲ್ಲೆ ಕಳೆದವರಿಗೆ ಇಲ್ಲಿ ಒಂದೇ ಕಾನೂನು.
ಎಲ್ಲರೂ ತಮ್ಮತಮ್ಮದು ಒಯ್ಯಲಿ.
ಕೊನೆಗೆ ಉಳಿದದ್ದು ನಿನ್ನದು.”

ಕೂತ. ಬೇವಿನಕಾಯಿ ಹೆಕ್ಕಿ ಎಣಿಸಿದ.
ಒಳಗಿಂದ ಒಂದೊಂದು ಕೂಗಿಗೂ ಅರ್ಧ ಎದ್ದ.
ಇಪ್ಪತ್ತು ಹೋದವು, ಹತ್ತು ಹೋದವು.
ಡಾಕ್ಟರದ್ದೂ ಹೋಯಿತು.
ಕತ್ತಲಾಗುವ ಹೊತ್ತಿಗೆ ಉಳಿದದ್ದು ಎರಡು.
ಎರಡೂ ನೀಲಿ.

“ನಿನ್ನದು ಯಾವುದು?”
ತಲೆ ತಗ್ಗಿಸಿದ. ಅಳಿಯನೇನೋ ಹೌದು,
ಗಾಡಿ ಷಡ್ಡಕನದು, ಇವತ್ತು ಬೆಳಿಗ್ಗೆ ತಂದದ್ದು.
ಸುಳ್ಳು ಹೇಳುವವನು ಬೆರಳು ತೋರಿಸುತ್ತಿದ್ದ.

ಅಷ್ಟರಲ್ಲಿ ಅತ್ತೆ ಬಂದಳು, ಸೆರಗಲ್ಲಿ ಕೈ ಒರೆಸುತ್ತಾ.
ನಮ್ಮಿಬ್ಬರ ಮುಖ ನೋಡಿದಳು. ಏನೂ ಕೇಳಲಿಲ್ಲ.
ಒಂದರ ರಟ್ಟು ಎತ್ತಿದಳು, ಇನ್ನೊಂದರ ರಟ್ಟು ಎತ್ತಿ
ಸೀಟಿಗೆ ಮೂಗು ಹಚ್ಚಿದಳು.
“ಇದು. ಅವಳ ನೀರೊಡೆದದ್ದು ಇದರ ಮೇಲೆ.”
ಹೌದು, ಆ ಒಂದು ಸೀಟಿಗೆ ಬೆಳಿಗ್ಗೆ
ಸುಣ್ಣ ಹತ್ತಿರಲಿಲ್ಲ; ನನಗೆ ಆಗ ನೆನಪಾಯಿತು.
ಆಮೇಲೆ ಹೇಳಿದಳು, “ಹೆಣ್ಣು ಮಗು.”

ತಳ್ಳಿಕೊಂಡೇ ಹೋದ, ಪೆಟ್ರೋಲು ಇರಲಿಲ್ಲ.
ಐವತ್ತು ಫ್ರಾಂಕು ಕೊಡುವುದನ್ನು ಮರೆತ,
ನಾನೂ ಮರೆತೆ.

ಇನ್ನೊಂದು ನೀಲಿ ಗಾಡಿ ಇಲ್ಲೇ ಇದೆ, ನೋಡಿ.
ನಂಬರು ಮೂವತ್ತೊಂದು. ಇವತ್ತಿಗೆ ಹನ್ನೊಂದು ದಿನ.
ಬೀಗವಿಲ್ಲ ಅದಕ್ಕೆ. ಬಿಲ್ಲೆ ಯಾರ ಹತ್ತಿರ ಇದೆಯೋ.
ರಾತ್ರಿ ಸ್ಟೂಲಿನ ಬೀಗ ಬಿಚ್ಚಿ ಅದಕ್ಕೆ ಹಾಕುತ್ತೇನೆ,
ಸ್ಟೂಲು ಮನೆಗೆ ಹೊರುತ್ತೇನೆ.
ಬೆಳಿಗ್ಗೆ ಧೂಳು ಒರೆಸಿ
ಮತ್ತೆ ಬರೆಯುತ್ತೇನೆ, ಮೂವತ್ತೊಂದು.