ಒತ್ತು

ಮೊದಲ ಸಲ ಅಚ್ಚಾದಾಗ ಅವನ ಹೆಸರು
‘ಉತಯ’ ಆಗಿತ್ತು. ಮದುವೆಯ ಕಾಗದ.
ಎರಡು ಒತ್ತೂ ಮುರಿದು ಬಿದ್ದಿದ್ದವು
ತೆಲುಗರ ಬೀದಿಯ ನಮ್ಮ ಪ್ರೆಸ್ಸಿನ ನೆಲದಲ್ಲಿ,
ಅಕ್ಕಿಯ ನುಚ್ಚಿನ ಹಾಗೆ.

ಬೈಯಲು ಬಂದವನು, ಪಲ್ಪರ್ ರಿಪೇರಿಯ ಉತ್ತಯ್ಯ,
ಬೈಯದೆ ಕೂತ. ಒಂದು ಮೊಳೆ ಎತ್ತಿ ಕೇಳಿದ:
‘ಇದಕ್ಕೆ ಕಾಲೂರಲು ಜಾಗವೆಲ್ಲಿ?’
ಕರಡು ತಿದ್ದುವ ನಾನು ಹದಿನೇಳರವಳು.
ಉತ್ತರ ಇರಲಿಲ್ಲ.

ಮನೆಯಲ್ಲಿದ್ದದ್ದು ಅಜ್ಜನ ಗುಂಡಿನ ಅಚ್ಚು,
ಹಂದಿಗೆಂದು ಇಟ್ಟ ಸೀಸ.
ಬರೀ ಸೀಸ ಮೆತ್ತಗೆ; ನೂರನೇ ಹಾಳೆಗೆ
‘ಕ’ದ ತಲೆಕಟ್ಟು ಚಪ್ಪಟೆ.
ತವರ ಬೆರೆಸಿದ, ಆಂಟಿಮನಿ ತರಿಸಿದ,
ಎರಡು ಮಳೆಗಾಲ ಕಳೆದ, ಒಂದು ಬೆರಳ ತುದಿಯನ್ನೂ.
‘ಹಂದಿ ತಿಂದು ವರ್ಷವಾಯಿತು’ ಎಂದಳು ಚೋಂದವ್ವ.

ಕೊನೆಗೊಂದು ಮೆಟ್ಟಿಲು ಕೊರೆದ ಮೊಳೆ:
ಅಕ್ಷರದ ಕಾಲು ಕೆಳಸಾಲಿನ ಬಿಡುವಿನಲ್ಲಿ ಊರಿ
ಅಲುಗದೆ ನಿಂತಿತು.
ಆ ಕೈಲ್ ಪೊಳ್ದ್‌ಗೆ ಕೋವಿಯ ಪಕ್ಕ ಮೊಳೆಯ ತಟ್ಟೆ,
ಎರಡಕ್ಕೂ ತೋಕ್ ಪೂ.

ಸೋಮವಾರಪೇಟೆಯಿಂದ ಬಂದು ಕೊಂಡರು, ಪುತ್ತೂರಿನಿಂದಲೂ.
ಮಕ್ಕಳ ಪುಸ್ತಕದಲ್ಲಿ ಅಜ್ಜಿ ಅಜ್ಜಿಯೇ ಆದಳು,
ಬೆಕ್ಕು ಬೆಕ್ಕೇ.
ಯಾವ ಪುಸ್ತಕವೂ ಅವನ ಹೆಸರು ಹಾಕಲಿಲ್ಲ.

ಅವನು ಓದುತ್ತಿದ್ದದ್ದು ಹಾಳೆಯ ಬೆನ್ನು.
ತಿರುಗಿಸಿ, ಮೊಂಡು ಬೆರಳಲ್ಲಿ ಸವರಿ,
‘ಇಲ್ಲಿ ಜಾಸ್ತಿ ಒತ್ತಿದೆ’ ಅನ್ನುವನು.

ಹೋದಾಗ ಎರಡು ಗುಂಡು ಹಾರಿಸಿದರು.
ಮಾದದ ಕಾರ್ಡು ಆಫ್‌ಸೆಟ್ಟಿನದು, ನುಣುಪು.
ಹೆಸರು ಸರಿಯಿದೆ, ಎರಡೂ ಒತ್ತು ಇವೆ.
ಆದರೂ ತಿರುಗಿಸಿ ಸವರಿದೆ.

ಏನೂ ತಾಕಲಿಲ್ಲ.