ಮದುವೆಗೆರೆ

ಮನೆ ಕಟ್ಟಿ ನೋಡು ಅಂದವರು
ಮನೆ ಸಾಗಿಸಿ ನೋಡು ಅನ್ನಲಿಲ್ಲ.
ಅವರಿಗೇನು ಗೊತ್ತು, ಪಾಪ,
ಗಂಟೆಗೆ ಐವತ್ತು ಮೈಲಿ ವೇಗದಲ್ಲಿ ಗೋಡೆ ಓಡಬಲ್ಲದೆಂದು.

ನಾನು ಕಂಪನಿಯ ಕಡೆಯಿಂದ ರಿಪೇರಿಗೆ ಹೋಗುವವನು:
ಪುಟ್ಟಿ, ಅಂಟುಪಟ್ಟಿ, ಮರಳುಕಾಗದ, ಮೂರು ಛಾಯೆಯ ಬಿಳಿ.
ಐಡಹೋದಲ್ಲಿ ಎರಡು ಹೋಳಾಗಿ ಹುಟ್ಟಿದ ಮನೆ
ಎರಡು ಲಾರಿ ಏರಿ ಬೆಟ್ಟ ದಾಟಿ
ಮೊಂಟಾನಾದ ಈ ಬೋಳು ಬಯಲಲ್ಲಿ ಕೂಡುತ್ತದೆ.
ಕೂಡುವ ಆ ಗೆರೆಗೆ ನಮ್ಮ ಕಸುಬಿನಲ್ಲಿ
ಮದುವೆಗೆರೆ ಎಂದೇ ಹೆಸರು. ತಮಾಷೆಯಲ್ಲ.
ಬಿರುಕನ್ನು ಮೊದಲು ಅಲ್ಲೇ ಹುಡುಕುತ್ತೇವೆ.

ಆರ್ಡಿತ್ ಕೋಲ್‌ಸ್ಟಾಡ್ ಬಾಗಿಲಲ್ಲೇ ಪಟ್ಟಿ ಕೊಟ್ಟಳು.
ಇಪ್ಪತ್ತಮೂರು ಬಾಬ್ತು. ಒಂದೊಂದಕ್ಕೂ ಫೋಟೊ,
ಬಿರುಕಿನ ಪಕ್ಕ ಅಳತೆಗೊಂದು ನಾಣ್ಯ.
ಲಾರಿ ಹುಡುಗ ಪೆನ್ನು ಚಾಚಿದಾಗ
"ಕೈಸೇರಿದೆ, ಏಟು ತಿಂದು" ಎಂದು ಬರೆದೇ ಸಹಿ ಹಾಕಿದವಳು.
ಅವನು ತನ್ನ ಬೂಟು ನೋಡುತ್ತ ನಿಂತಿದ್ದನಂತೆ;
ಕಾಫಿ ಕೊಟ್ಟು ಕಳಿಸಿದಳಂತೆ.

ಆಮೇಲೆ ಆರು ವಾರ
ಕಾರ್ಖಾನೆ ಲಾರಿಯವರ ಮೇಲೆ ಹಾಕಿತು,
ಲಾರಿಯವರು ಕೂರಿಸಿದವರ ಮೇಲೆ,
ಕೂರಿಸಿದವರು ನೆಲದ ಮೇಲೆ.
ನೆಲ ಯಾರ ಮೇಲೂ ಹಾಕಲಿಲ್ಲ.
ಮಲಗುವ ಕೋಣೆಯ ಮೂಲೆಯಲ್ಲಿ ಮಾತ್ರ
ಹಿಮ ಕರಗಿ, ತೊಟ್ಟು ತೊಟ್ಟಾಗಿ
ಬಕೆಟ್ಟಿನಲ್ಲಿ ದಿನ ಎಣಿಸುತ್ತಿತ್ತು.

ಮೂವತ್ತೊಂದು ವರ್ಷ ಸ್ಕೂಲ್ ಬಸ್ಸು ಓಡಿಸಿದವಳು.
ನಾನು ಏಣಿ ಏರಿದರೆ ಕೆಳಗೆ ನಿಂತು ಹೇಳುತ್ತಾಳೆ:
"ಅಡುಗೆಮನೆಯದು ಸೇತುವೆ ದಾಟಿದ ಮೇಲಿನ ಗುಂಡಿ.
ಊಟದ ಕೋಣೆಯದು ರೈಲು ಹಳಿ.
ಬಚ್ಚಲ ಬಾಗಿಲಿನದಾ? ಆ ಎಡ ತಿರುವು.
ಅಲ್ಲಿ ನನ್ನ ಮಕ್ಕಳೆಲ್ಲ ಕಿರುಚುತ್ತ
ಒಂದೇ ಕಡೆ ಜಾರುತ್ತಿದ್ದರು."

ಸಂಜೆಗೆ ಇಪ್ಪತ್ತೆರಡಕ್ಕೆ ಗೀಟು ಹಾಕಿದೆವು.
ಉಳಿದದ್ದೊಂದು: ಮದುವೆಗೆರೆಯ ನಡುವೆ ಕೂದಲೆಳೆಯಷ್ಟು ಸೀಳು,
ತುಂಬಿದಷ್ಟೂ ಮತ್ತೆ ಬಾಯಿ ಬಿಡುವುದು.
"ಮನೆ ಇನ್ನೂ ಕೂರುತ್ತಿದೆ," ಅಂದೆ, "ವಸಂತಕ್ಕೆ ಬರುತ್ತೇನೆ."
"ಹಾಗಂತ ಬರೆದುಕೊಡು."
ಬರೆದುಕೊಟ್ಟೆ. ತಾರೀಕು ಹಾಕಿಸಿಕೊಂಡಳು.

ಕತ್ತಲಲ್ಲಿ ಅದೇ ದಾರಿಗೆ ವ್ಯಾನು ತಿರುಗಿಸಿದೆ.
ಸೇತುವೆಗೆ ಮೊದಲೇ ಕಾಲು ಸಡಿಲಿಸಿದೆ: ಅಡುಗೆಮನೆ.
ಹಳಿಯ ಮೇಲೆ ಮೆಲ್ಲಗೆ: ಊಟದ ಕೋಣೆ.
ಆಮೇಲೆ ಆ ತಿರುವು, ಬಲಕ್ಕೆ ಈಗ.
ಹಿಂದೆ ಖಾಲಿ ಡಬ್ಬಗಳೆಲ್ಲ
ಒಂದೇ ಕಡೆ ಜಾರಿದವು.