ಡೀಸೆಲ್ ಮುಗಿದ ಜಾಗ

ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದದ್ದು ಇಷ್ಟೆ:
ಸಿದ್ದಾಪುರ, ಕಾಫಿ ಕಣ, ಮಾರ್ಚಿ ಎಂಬತ್ತೆಂಟು.
ಗಿಟಾರು ಬೆಳ್ಯಪ್ಪ. ಡ್ರಮ್ಮು ವಿರಾಜಪೇಟೆಯ ಲಿಗೋರಿ.
ಕೀಬೋರ್ಡಿನವನು ಯಾರೋ, ಹೆಸರಿನ ಮೇಲೆ ಕಾಫಿ ಚೆಲ್ಲಿದೆ.
ನನ್ನ ಹೆಸರಿಲ್ಲ. ಇರಬೇಕಾದ್ದೂ ಇಲ್ಲ.
ನಾನು ಪಂಪಿನ ಚಾತ.
ಕಣದಿಂದ ಒಂದು ಕೂಗಿನಷ್ಟು ದೂರ, ಕೆರೆಯ ಏರಿ ಮೇಲೆ
ಹೂವಿಗೆ ನೀರು ಕೊಡುತ್ತಿದ್ದೆ.

ರೊಬಸ್ಟಾ ಮೊಗ್ಗು ಯಾರ ಹಾಡಿಗೂ ಕಾಯುವುದಿಲ್ಲ.
ಒಬ್ಬ ಹುಡುಗ ಏದುಸಿರು ಬಿಡುತ್ತ ಓಡಿ ಬಂದ:
"ಎಂಜಿನ್ನು ನಿಲ್ಲಿಸಬೇಕಂತೆ, ರೆಕಾರ್ಡಿಂಗು ನಡೀತಿದೆ."
ರೈಟರ್ ಕುಂಞಿರಾಮ ತುಟಿಯಿಂದ ಬೀಡಿ ತೆಗೆಯದೆ ಅಂದ:
"ಹೂ ಕಚ್ಚದಿದ್ದರೆ ಬರುವ ವರ್ಷ
ಆ ಗಿಟಾರಿಗೆ ತಂತಿ ಯಾರು ತರ್ತಾರೆ, ಕೇಳಿಕೊಂಡು ಬಾ."
ಕೇಳಲು ಹೋದವನು ತಿರುಗಿ ಬರಲಿಲ್ಲ.

ಸಿಲ್ವರ್ ಮರಗಳ ಸಂದಿಯಲ್ಲಿ ಬಲ್ಬುಗಳು, ಸಾಲಾಗಿ ಜೀಪುಗಳು.
ಅರ್ಧ ಗಂಟೆಯಾದರೂ ಹಾಡುವವನು ಬಾಯಿ ತೆರೆಯಲಿಲ್ಲ.
ಬರೀ ತಂತಿ. ಹತ್ತುತ್ತದೆ,
ಹತ್ತಿದ ದಾರಿ ಮರೆತು
ಬೇರೆ ಯಾರದೋ ತೋಟಕ್ಕೆ ಇಳಿಯುತ್ತದೆ.
ಎಣಿಸಿದೆ. ಪೈಪು ಎಣಿಸಿ ಅಭ್ಯಾಸ.
ಏಳಕ್ಕೇ ಮುಗಿಯುತ್ತಿತ್ತು.
ಎಂಟಕ್ಕೆಂದು ಎತ್ತಿದ ನನ್ನ ಕಾಲು ಗಾಳಿಯಲ್ಲೇ.
ಎಂಜಿನ್ನು ಮಾತ್ರ
ಡುಗು ಡುಗು ಡುಗು ಡುಗು,
ವಾರದ ಬಟವಾಡೆಯ ಹಾಗೆ ಒಂದೇ ಸಮ.
ಜೆಟ್ಟು ಟಿಕ್ ಟಿಕ್ ಎಂದು ಕತ್ತು ತಿರುಗಿಸುತ್ತ ಹೋಗಿ
ಸರ್ರನೆ ವಾಪಸು ಬರುತ್ತಿತ್ತು, ಯಾರೋ ಕರೆದ ಹಾಗೆ.

ಹೋದ ತಿಂಗಳು ಬೆಳ್ಯಪ್ಪ ಬಂದರು.
ಎಡಗೈಯ ಎರಡು ಬೆರಳು ಈಗ ಮಡಚುವುದಿಲ್ಲವಂತೆ.
ಲೈನ್ ಮನೆಯ ಜಗಲಿಯಲ್ಲಿ ಕೂತು
ಹೆಡ್‌ಫೋನನ್ನು ಅವರೇ ನನ್ನ ಕಿವಿಗೆ ಸಿಕ್ಕಿಸಿದರು.
"ಎರಡು ಥರ ಮಾಡಿಸಿದ್ದೇನೆ ಚಾತ. ಕೇಳಿ ಹೇಳು."

ಮೊದಲನೆಯದು ತೊಳೆದದ್ದು.
ಕಂಪ್ಯೂಟರಿನಲ್ಲಿ ಪಂಪನ್ನು ಬೇರು ಸಹಿತ ಕಿತ್ತದ್ದು.
ಗಿಟಾರು ಹೊಳೆಯುತ್ತಿತ್ತು, ಪಾಲಿಶ್ ಆದ ಬೀಜದ ಹಾಗೆ.
ಕೆರೆ ಇರಲಿಲ್ಲ. ಮಾರ್ಚಿ ತಿಂಗಳಿರಲಿಲ್ಲ.
ಗೋಡೆಗೆ ಒರಗಿ ನಿಂತಿದ್ದವನ ಹಿಂದಿನಿಂದ
ಯಾರೋ ಗೋಡೆಯನ್ನು ಮಾತ್ರ ಹೊತ್ತುಕೊಂಡು ಹೋಗಿದ್ದರು,
ಅವನು ಒರಗಿಯೇ ಇದ್ದ.

ಎರಡನೆಯದರಲ್ಲಿ
ಕೆಮ್ಮು, ಜೀಪಿನ ಹಾರನ್ನು, "ಏಯ್ ಕೂರೋ" ಎಂದು ಯಾರೋ,
ಮತ್ತೆ ಅದು. ನನ್ನದು.
ಇಪ್ಪತ್ತಾರು ವರ್ಷ ತಿರುಗಿಸಿದ ಹ್ಯಾಂಡಲ್ಲು
ಅಂಗೈಯೊಳಗೆ ಎದ್ದು ಕೂತಿತು.
ಹದಿನೇಳನೇ ನಿಮಿಷಕ್ಕೆ ಪಂಪು ಬಿಕ್ಕಿತು,
ಇನ್ನೊಮ್ಮೆ ಬಿಕ್ಕಿತು, ನಿಂತಿತು.
ಗಿಟಾರೂ ನಿಂತಿತು.
ಲಿಗೋರಿ ಒಂದು ಏಟು ಹೆಚ್ಚಿಗೆ ಹೊಡೆದು
ನಾಚಿಕೊಂಡು ಕೈ ಹಿಂದಕ್ಕೆ ತಗೊಂಡ.
ಜೀರುಂಡೆ. ಇನ್ನೂರು ಜನರ ಉಸಿರು.
ದೂರದಲ್ಲಿ ಪೈಪಿನಿಂದ ತೊಟ್ಟಿಕ್ಕುವ ನೀರು
(ಅದು ಟೇಪಿನಲ್ಲಿರಲಾರದು, ನನಗೆ ಕೇಳಿಸಿತು).
ಬೆಳ್ಯಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಡಮೆ.
ಆಮೇಲೆ ಡುಗ್.
ಡುಗ್. ಡುಗ್.
ಆ ಮೂರನೆಯದರ ಬೆನ್ನೇರಿ ಎಲ್ಲರೂ ಒಟ್ಟಿಗೆ ಬಂದರು,
ಜನ ಕೂಗಿದ ಕೂಗಿಗೆ ಟೇಪಿನ ಆ ಜಾಗ ಒಡೆದುಹೋಗಿದೆ.

"ಅಲ್ಲಿ ಯಾಕೆ ನಿಲ್ಲಿಸಿದಿರಿ?"
"ನಿನಗೆ ಕಾದೆ" ಅಂದರು.
"ನೀನೂ ಬೇಕಂತಲೇ ನಿಲ್ಲಿಸಿದೆ, ನಮ್ಮ ಏಳು ನಿನಗೆ ಗೊತ್ತಾಗಿತ್ತು,
ಅಂತ ಮೂವತ್ತಾರು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ.
ಹೌದಲ್ಲ?"

ಡೀಸೆಲ್ ಮುಗಿದಿತ್ತು.
ಕತ್ತಲೆಯಲ್ಲಿ ನಾನು ಲಾಳಿಕೆ ಹುಡುಕುತ್ತಿದ್ದೆ.
ಕುಂಞಿರಾಮ ಕೂತಿದ್ದ ಗೋಣಿಯ ಅಡಿಯಲ್ಲಿತ್ತು.

ಅವರ ಮಡಚದ ಬೆರಳು ನನ್ನ ಮೊಣಕಾಲ ಮೇಲಿತ್ತು,
ಏಳರವರೆಗೆ ತಟ್ಟಿ, ಸುಮ್ಮನಾಗಿ, ಮತ್ತೆ ಒಂದರಿಂದ.

"ಇನ್ನೊಂದು ಸಲ ಹಾಕಿ" ಅಂದೆ.
"ಪಂಪು ಇರೋದನ್ನ."